ಮನೆಯ ಕೋವಿ ಕೈತಪ್ಪಿ ಸಿಡಿಯದಂತೆ

ಒರೆಸುವಾಗ ಈಡಾಯಿತು, ಜೀಪಿನಿಂದ ಇಳಿಸುವಾಗ ಗುಂಡು ಹಾರಿತು, ಗೋಡೆಯಿಂದ ತೆಗೆಯುವಾಗ ಸಿಡಿಯಿತು. ಕೊಡಗು, ಮಲೆನಾಡು, ಕರಾವಳಿಯ ಸುದ್ದಿ ಓದುವವರಿಗೆ ಇಂಥ ವಾಕ್ಯಗಳು ಹೊಸವಲ್ಲ. ಕೇಳಿದರೆ ಎಲ್ಲವೂ ಕೋವಿಯೇ ಮಾಡಿದ ಕೆಲಸ ಎನಿಸುತ್ತದೆ. ಘಟನೆಯನ್ನು ಬಿಡಿಸಿ ನೋಡಿದರೆ ಸಾಮಾನ್ಯವಾಗಿ ಮೂರು ಸಂಗತಿ ಒಟ್ಟಿಗೆ ಸಿಗುತ್ತವೆ. ಹಿಡಿದವರು ಕೋವಿ ಖಾಲಿ ಇದೆ ಎಂದು ನಂಬಿದ್ದರು. ನಳಿಗೆಯ ಬಾಯಿ ಯಾರದೋ ಮೈಯ ಕಡೆಗಿತ್ತು. ಬೆರಳೋ ಬಟ್ಟೆಯೋ ಬಳ್ಳಿಯೋ ಟ್ರಿಗರ್‌ಗೆ ತಾಗಿತು, ಇಲ್ಲವೇ ಕುದುರೆಗೆ, ಅಂದರೆ ಬಡಿದು ಮದ್ದು ಹೊತ್ತಿಸುವ ಸುತ್ತಿಗೆಯಂಥ ಭಾಗಕ್ಕೆ, ಪೆಟ್ಟು ಬಿತ್ತು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಜೀವ ಉಳಿಯುತ್ತಿತ್ತು.

ಮೂರರಲ್ಲೂ ಮೊದಲನೆಯದೇ ಬೇರು. ಖಾಲಿ ಎಂಬ ನಂಬಿಕೆ ಬಂದ ಕ್ಷಣದಿಂದ ನಳಿಗೆ ಎತ್ತ ತಿರುಗಿದೆ, ಬೆರಳು ಎಲ್ಲಿದೆ ಎಂಬ ಗಮನ ಸಡಿಲವಾಗುತ್ತದೆ. ಹಾಗಾಗಿ ಈ ಬರಹದ ಹೆಚ್ಚಿನ ಭಾಗ ಒಂದೇ ಪ್ರಶ್ನೆಯ ಸುತ್ತ ಇದೆ: ಕೈಯಲ್ಲಿರುವ ಕೋವಿ ನಿಜಕ್ಕೂ ಖಾಲಿ ಇದೆಯೇ ಎಂದು ಖಚಿತವಾಗಿ ತಿಳಿಯುವುದು ಹೇಗೆ? ಬೆಳೆ ರಕ್ಷಣೆಗೆ ಲೈಸೆನ್ಸ್ ಪಡೆದ ರೈತರು, ಲೈಸೆನ್ಸ್ ವಿನಾಯಿತಿ ಪತ್ರದ ಮೇಲೆ ಕೋವಿ ಇಟ್ಟುಕೊಂಡಿರುವ ಕೊಡವರು ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರು, ಬ್ಯಾಂಕಿನ ಕಾವಲುಗಾರರು, ಎಲ್ಲರಿಗೂ ಇದು ಅನ್ವಯಿಸುತ್ತದೆ.

ನಳಿಗೆ ಮತ್ತು ಬೆರಳು

ಖಾಲಿ ಎಂದು ಖಚಿತವಾದ ಮೇಲೂ ಕೋವಿಯನ್ನು ತುಂಬಿದ ಕೋವಿಯಂತೆಯೇ ಹಿಡಿಯಬೇಕು. ನಳಿಗೆಯ ಬಾಯಿ ಸದಾ ಹಾನಿಯಾಗದ ದಿಕ್ಕಿಗೆ ಇರಬೇಕು. ಹೊಡೆಯುವ ತೀರ್ಮಾನ ಆಗುವವರೆಗೆ ಬೆರಳು ಟ್ರಿಗರ್ ಸುತ್ತಲಿನ ಬಳೆಯಾದ ಟ್ರಿಗರ್ ಗಾರ್ಡ್‌ನ ಹೊರಗೆ, ಕೋವಿಯ ಪಕ್ಕಕ್ಕೆ ನೀಳವಾಗಿ ಚಾಚಿರಬೇಕು. ಗುರಿ ಏನು, ಗುರಿಯ ಹಿಂದೆ ಏನಿದೆ ಎರಡೂ ಗೊತ್ತಿರಬೇಕು.

ಹಾನಿಯಾಗದ ದಿಕ್ಕು ಯಾವುದು ಎಂಬುದು ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಅಂಗಳದಲ್ಲಿ ಕಾಲಿನಿಂದ ಎರಡು ಮೂರು ಮಾರು ದೂರದ ಮೆತ್ತನೆ ಮಣ್ಣು ಒಳ್ಳೆಯದು. ಅದೇ ಕೆಳಮುಖ ಹಿಡಿತ ಸಿಮೆಂಟು ನೆಲದ ಮೇಲೆ ಅಪಾಯ, ಚರೆ (ಸೀಸದ ಸಣ್ಣ ಗುಂಡು) ಪುಟಿದು ಕಾಲಿಗೂ ಎದುರಿನವರಿಗೂ ಬಡಿಯುತ್ತದೆ. ಹೆಂಚಿನ ಮನೆಯಲ್ಲಿ ಮೇಲ್ಮುಖ ಹಿಡಿಯುವಾಗ ಅಟ್ಟದಲ್ಲಿ ಯಾರೂ ಇಲ್ಲವೆಂದು ಗೊತ್ತಿರಬೇಕು. ಮನೆಯೊಳಗೆ ಕೋವಿ ತೆರೆಯಲು, ಒರೆಸಲು ಒಂದೇ ಜಾಗವನ್ನು ಮೊದಲೇ ಗೊತ್ತು ಮಾಡಿ. ಮಣ್ಣಿನ ಧರೆಗೆ ಅಂಟಿದ ಹಿಂಬದಿ ಗೋಡೆ ಇದ್ದರೆ ಅತ್ಯುತ್ತಮ. ಇಲ್ಲದಿದ್ದರೆ ಒಣ ಮರಳು ತುಂಬಿದ ದಪ್ಪ ತಗಡಿನ ಡ್ರಮ್ಮನ್ನು ತುಸು ಓರೆಯಾಗಿ ನಿಲ್ಲಿಸಿ, ನಳಿಗೆಯ ಬಾಯನ್ನು ಅದರ ಕಡೆಗೆ ಹಿಡಿದು ಕೆಲಸ ಮಾಡಬಹುದು. ನಳಿಗೆಯನ್ನು ಮರಳಿನೊಳಗೆ ಹುಗಿಯಬಾರದು, ಬಾಯಿ ಕಟ್ಟಿದ ನಳಿಗೆ ಸೀಳುತ್ತದೆ.

ಬೆರಳಿನ ವಿಷಯವನ್ನು ಹಲವರು ಶಿಸ್ತಿನ ಮಾತು ಎಂದಷ್ಟೇ ತಿಳಿಯುತ್ತಾರೆ. ಅದು ಸ್ನಾಯುಗಳ ಮಾತು. ಅಮೆರಿಕದ ವಿಜ್ಞಾನಿ ರೋಜರ್ ಎನೋಕಾ 1991ರಲ್ಲಿ, ಮನುಷ್ಯ ಬಯಸದೆಯೇ ಟ್ರಿಗರ್ ಒತ್ತಿಬಿಡುವ ಮೂರು ಸಂದರ್ಭಗಳನ್ನು ಗುರುತಿಸಿದರು. ಒಂದು ಕೈ ಬಿಗಿ ಹಿಡಿದಾಗ ಇನ್ನೊಂದೂ ಬಿಗಿಯಾಗುವುದು, ಜಾರಿ ಸಮತೋಲ ತಪ್ಪುವುದು, ಬೆಚ್ಚಿಬೀಳುವುದು. ಮಳೆಗಾಲದ ತೋಟದಲ್ಲಿ ಈ ಮೂರೂ ದಿನನಿತ್ಯದವು. ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲು ಜಾರುತ್ತದೆ, ಎಡಗೈ ಕಾಫಿ ಗಿಡದ ಕೊಂಬೆ ಹಿಡಿಯುತ್ತದೆ, ಬಲಗೈ ತಾನಾಗಿ ಮುಷ್ಟಿ ಕಟ್ಟುತ್ತದೆ. ಸಾಮಾನ್ಯ ಕೋವಿಯ ಟ್ರಿಗರ್‌ಗೆ ಎರಡು ಕಿಲೋ ಆಸುಪಾಸಿನ ಎಳೆತ ಸಾಕು. ಬೆಚ್ಚಿದ ಕೈಗೆ ಅದೇನೂ ದೊಡ್ಡದಲ್ಲ. ಎಷ್ಟೇ ಅನುಭವಸ್ಥರಾದರೂ ಆ ಕ್ಷಣದಲ್ಲಿ ಬೆರಳನ್ನು ತಡೆಯಲಾರರು. ಮೊದಲೇ ಹೊರಗಿಟ್ಟ ಬೆರಳೊಂದೇ ರಕ್ಷಣೆ.

ತೋಟಾಕೋವಿ ಖಾಲಿ ಮಾಡುವ ಕ್ರಮ

ಒಂಟಿನಳಿಗೆ, ಜೋಡುನಳಿಗೆಯ 12 ಬೋರ್ (ನಳಿಗೆಯ ಒಳ ಅಗಲದ ಅಳತೆ) ಕೋವಿಗಳು ತಪಾಸಣೆಗೆ ಸುಲಭ. ಮಡಚಿದರೆ ಎಲ್ಲ ಕಾಣುತ್ತದೆ.

1. ನಳಿಗೆಯನ್ನು ಗೊತ್ತು ಮಾಡಿದ ದಿಕ್ಕಿಗೆ ತಿರುಗಿಸಿ, ಬೆರಳು ಹೊರಗಿಡಿ.
2. ಹೊರಗೆ ಕುದುರೆ ಇರುವ ಕೋವಿಯಾದರೆ, ಎತ್ತಿದ ಕುದುರೆಯನ್ನು ತುಂಬಿದ ತೋಟಾದ ಮೇಲೆ ಇಳಿಸಲು ಹೋಗಬೇಡಿ. ಮೊದಲು ಕೋವಿ ಮಡಚಿ ತೋಟಾ ತೆಗೆಯಿರಿ, ಕುದುರೆಯನ್ನು ಆಮೇಲೆ ಇಳಿಸಿ. ಬೆವರಿದ ಹೆಬ್ಬೆರಳಿನಿಂದ ಕುದುರೆ ಜಾರುವುದು ಹಳೆಯ ಕೋವಿಗಳಲ್ಲಿ ಈಡಾಗಲು ದೊಡ್ಡ ಕಾರಣ.
3. ತೋಟಾ ಹೊರತೆಗೆದು ಎಣಿಸಿ. ಎರಡು ಹಾಕಿದ್ದರೆ ಎರಡು ಕೈಗೆ ಬರಬೇಕು.
4. ಬೆಳಕಿಗೆ ಹಿಡಿದು ಹಿಂದಿನಿಂದ ನಳಿಗೆಯ ಉದ್ದಕ್ಕೂ ನೋಡಿ. ಇನ್ನೊಂದು ತುದಿಯ ಬೆಳಕು ದುಂಡಗೆ ಕಾಣಬೇಕು. ಕತ್ತಲಲ್ಲಿ ಕಿರುಬೆರಳಿನಿಂದ ತೋಟಾ ಕೂರುವ ಎರಡೂ ಕೋಣೆ ತಡವಿ.
5. ಕೋವಿಯನ್ನು ಮಡಚಿದ ಹಾಗೆಯೇ ಇಟ್ಟುಕೊಳ್ಳಿ. ಇನ್ನೊಬ್ಬರಿಗೆ ಕೊಡುವುದೂ ಮಡಚಿಯೇ. ತೆಗೆದುಕೊಂಡವರು ತಾವೂ ನೋಡಬೇಕು. ಕೊಟ್ಟವರ ಮಾತು ನಂಬಿ ಮುಚ್ಚಬಾರದು, ಅಪ್ಪ ಕೊಟ್ಟರೂ ಸರಿ, ಅಣ್ಣ ಕೊಟ್ಟರೂ ಸರಿ.

ನಾಲ್ಕನೆಯ ಹಂತವನ್ನು ಬಿಡುವವರು ಹೆಚ್ಚು. ನಳಿಗೆಯಲ್ಲಿ ತೋಟಾ ಮಾತ್ರವಲ್ಲ, ಬೇರೆಯದೂ ಇರಬಹುದು. ಗೋಡೆಗೆ ತೂಗಿದ ಕೋವಿಯ ಬಾಯಲ್ಲಿ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಯ ಚೂರು ಒಳಗೆ ಉಳಿದಿರುತ್ತದೆ. ಇದಕ್ಕಿಂತ ಕೆಟ್ಟದ್ದು ಗಾತ್ರದಲ್ಲಿ ಕಿರಿದಾದ 20 ಬೋರ್ ತೋಟಾ. 12 ಬೋರ್ ನಳಿಗೆಗೆ ಹಾಕಿದರೆ ಅದು ಒಳಗೆ ಜಾರಿ ನಳಿಗೆ ಕಿರಿದಾಗುವಲ್ಲಿ ಸಿಕ್ಕಿಕೊಳ್ಳುತ್ತದೆ, ಕೋಣೆ ಖಾಲಿ ಇದ್ದಂತೆ ಕಾಣುತ್ತದೆ. ಹಿಂದೆ 12ರ ತೋಟಾ ಹಾಕಿ ಹೊಡೆದರೆ ನಳಿಗೆ ಎಡಗೈ ಇರುವ ಜಾಗದಲ್ಲೇ ಸಿಡಿಯುತ್ತದೆ. ಮನೆಯಲ್ಲಿ ಎರಡು ಬೋರಿನ ಕೋವಿಗಳಿದ್ದರೆ ತೋಟಾಗಳನ್ನು ಒಂದೇ ಡಬ್ಬದಲ್ಲಿ, ಒಂದೇ ಜೇಬಿನಲ್ಲಿ ಎಂದೂ ಇಡಬೇಡಿ. ಹಾಗೆಯೇ 65 ಮಿಲಿಮೀಟರ್ ಕೋಣೆಯ ಹಳೆ ಕೋವಿಗೆ 70 ಮಿಲಿಮೀಟರ್ ತೋಟಾ ಒಳಗೆ ಕೂರುತ್ತದೆ, ಆದರೆ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ನಳಿಗೆಯ ಅಡಿಯಲ್ಲಿ ಕೊರೆದ ಅಳತೆ ನೋಡಿ, ಕಾಣದಿದ್ದರೆ ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಂದ ಅಳೆಯಿಸಿ.

ಸೇಫ್ಟಿ ಹಾಕಿದೆ ಎಂಬ ಧೈರ್ಯವೂ ಬೇಡ. ಅನೇಕ ಜೋಡುನಳಿಗೆ ಕೋವಿಗಳಲ್ಲಿ ಆ ಗುಂಡಿ ಟ್ರಿಗರನ್ನು ಮಾತ್ರ ತಡೆಯುತ್ತದೆ. ಒಳಗಿನ ಕುದುರೆ ಎತ್ತಿಯೇ ಇರುತ್ತದೆ. ಕುದುರೆಯನ್ನು ತಡೆದಿಡುವ ಕಚ್ಚು ಸವೆದಿದ್ದರೆ ಕೋವಿ ನೆಲಕ್ಕೆ ಬಿದ್ದ ಪೆಟ್ಟಿಗೆ ಅದು ಕಳಚಿ ಈಡಾಗಬಹುದು.

ಕೇಪಿನ ಕೋವಿ: ಹೊರಗಿನಿಂದ ಏನೂ ಕಾಣದು

ಬೆಳೆ ಕಾಯಲು ಹೆಚ್ಚಾಗಿ ಇರುವುದು ಬಾಯಿಯಿಂದ ಮದ್ದು ತುಂಬುವ ಒಂಟಿನಳಿಗೆ ಕೋವಿ. ಇದನ್ನು ಮಡಚಿ ನೋಡಲಾಗದು. ಕುದುರೆ ಬಡಿದಾಗ ಕಿಡಿ ಕೊಡುವ ಪುಟ್ಟ ಲೋಹದ ಟೊಪ್ಪಿಗೆಯಾದ ಕೇಪು ತೆಗೆದಿದ್ದರೂ ಒಳಗೆ ಮದ್ದು, ಚರೆ ಹಾಗೆಯೇ ಇರಬಹುದು. ಹಂದಿ ಬರಬಹುದೆಂದು ತುಂಬಿಟ್ಟ ಈಡು ವಾರಗಟ್ಟಲೆ ಉಳಿಯುತ್ತದೆ. ತುಂಬಿದವರೊಬ್ಬರು, ಆಮೇಲೆ ಗೋಡೆಯಿಂದ ತೆಗೆಯುವವರು ಇನ್ನೊಬ್ಬರು. ಚುನಾವಣೆಯ ಹೊತ್ತಿಗೆ ಕೋವಿಗಳನ್ನು ಠಾಣೆಗೆ ಒಪ್ಪಿಸಲು ಹೊರಟಾಗಲೂ ಇದೇ ಗೊಂದಲ.

ಇದಕ್ಕೆ ಉಪಾಯ ಗಜದ ಮೇಲಿನ ಗೀರು. ಕೋವಿ ಖಾಲಿ ಎಂಬುದು ಪೂರ್ತಿ ಖಚಿತವಾದ ದಿನ, ಅಂದರೆ ಹೊಡೆದು ತೊಳೆದ ಮೇಲೆ, ಮದ್ದು ಜಡಿಯುವ ಗಜವನ್ನು ತಳ ಮುಟ್ಟುವವರೆಗೆ ಇಳಿಸಿ, ನಳಿಗೆಯ ಬಾಯಿಯ ಮಟ್ಟಕ್ಕೆ ಅದರ ಮೇಲೆ ಆಳವಾದ ಗೀರು ಹಾಕಿ. ಇದು ಖಾಲಿಯ ಗೀರು. ಮುಂದಿನ ಸಲ ನಿಮ್ಮ ಎಂದಿನ ಅಳತೆಯಲ್ಲಿ ಸರಿಯಾಗಿ ಜಡಿದು ತುಂಬಿದಾಗ, ಕೇಪು ಕೂರಿಸುವ ಮೊದಲು, ಎರಡನೆಯ ಗೀರು ಹಾಕಿ. ಎರಡರ ನಡುವೆ ಸಾಮಾನ್ಯವಾಗಿ ಮೂರು ನಾಲ್ಕು ಬೆರಳಿನ ಅಂತರ ಬರುತ್ತದೆ. ಅಲ್ಲಿಂದ ಮುಂದೆ ಗಜವೇ ಉತ್ತರ ಹೇಳುತ್ತದೆ. ಮೊದಲ ಗೀರು ಬಾಯಿಗೆ ಸಮವಾಗಿದ್ದರೆ ಖಾಲಿ. ಎರಡನೆಯದು ಸಮವಾಗಿದ್ದರೆ ಒಂದು ಈಡು ಇದೆ. ಗಜ ಅದಕ್ಕೂ ಮೇಲೆ ನಿಂತರೆ ಎರಡು ಈಡು ತುಂಬಿದೆ, ಇಲ್ಲವೇ ಮದ್ದನ್ನು ಒತ್ತಿ ಹಿಡಿಯಬೇಕಾದ ಕತ್ತದ ಉಂಡೆ ಮದ್ದಿನ ಮೇಲೆ ಕೂರದೆ ನಡುವೆ ನಿಂತಿದೆ. ಇವೆರಡರಲ್ಲಿ ಯಾವುದಿದ್ದರೂ ಹೊಡೆದರೆ ನಳಿಗೆ ಉಬ್ಬುತ್ತದೆ ಅಥವಾ ಸಿಡಿಯುತ್ತದೆ, ಆ ಕೋವಿಯನ್ನು ಹೊಡೆಯಲೇಬಾರದು.

ಗಜ ಇಳಿಸುವ ಮೊದಲು ಕೇಪು ತೆಗೆಯಬೇಕು. ಇದರಲ್ಲಿ ವಿನಾಯಿತಿ ಇಲ್ಲ. ಅಂಗೈಯನ್ನು ಗಜದ ತಲೆಯ ಮೇಲಿಟ್ಟು ಒತ್ತಬೇಡಿ, ಬೆರಳುಗಳಿಂದ ಪಕ್ಕಕ್ಕೆ ಹಿಡಿದು ಗೇಣು ಗೇಣಾಗಿ ಇಳಿಸಿ. ಮುಖ, ಎದೆ ನಳಿಗೆಯ ನೇರಕ್ಕೆ ಬರದಿರಲಿ. ಕಬ್ಬಿಣದ ಗಜಕ್ಕಿಂತ ಹಿತ್ತಾಳೆಯದೋ ಗಟ್ಟಿ ಮರದ್ದೋ ಲೇಸು.

ತುಂಬಿದ ಕೇಪಿನ ಕೋವಿಯನ್ನು ಖಾಲಿ ಮಾಡಲು ನೇರ ದಾರಿ, ಜನವಸತಿಯಿಂದ ದೂರ ಮಣ್ಣಿನ ಧರೆಗೆ ಹೊಡೆಯುವುದು. ಕಾಡಂಚಿನಲ್ಲಿ ಅಥವಾ ಲೈಸೆನ್ಸ್‌ನ ಷರತ್ತು ಒಪ್ಪದ ಕಡೆ ಅದು ಸಾಧ್ಯವಿಲ್ಲ. ಅಲ್ಲಿ ಕೇಪು ತೆಗೆದು, ಕೇಪು ಕೂರುವ ಮೊಳೆಯ ತೂತಿನಿಂದಲೂ ಬಾಯಿಯಿಂದಲೂ ನೀರು ಬಿಟ್ಟು ಒಂದಷ್ಟು ಹೊತ್ತು ಬಿಡಬೇಕು. ಕರಿಮದ್ದು ನೀರಿಗೆ ಸತ್ತುಹೋಗುತ್ತದೆ. ಆಮೇಲೆ ತುದಿಯಲ್ಲಿ ತಿರುಪು ಇರುವ ಗಜದಿಂದ ಉಂಡೆ ಎಳೆದು ಚರೆ ಸುರಿಯಬೇಕು. ಒಣ ಮದ್ದಿನ ಮೇಲೆ ತಿರುಪು ಆಡಿಸಬೇಡಿ. ಈ ಕೆಲಸ ಕೈಗೆ ಒಗ್ಗಿಲ್ಲದಿದ್ದರೆ ರಿಪೇರಿಯವರಿಗೆ ಒಪ್ಪಿಸಿ. ಒಯ್ಯುವ ಮೊದಲು ಫೋನಿನಲ್ಲೇ ಈಡು ಇದೆ ಎಂದು ಹೇಳಿ, ಕೋವಿಗೂ ಹಾಗೆಂದು ಬರೆದ ಚೀಟಿ ಕಟ್ಟಿ.

ತುಂಬುವಾಗ ಆಗುವ ಅನಾಹುತಗಳಿಗೂ ಕಾರಣ ಸರಳ. ಹೊಡೆದ ನಳಿಗೆಯಲ್ಲಿ ಕೆಂಡದ ಕಿಡಿ ಉಳಿದಿರುತ್ತದೆ, ಮೇಲೆ ಮದ್ದು ಸುರಿದರೆ ಭಗ್ಗೆನ್ನುತ್ತದೆ. ಒಂದೆರಡು ನಿಮಿಷ ಬಿಡಿ, ಒದ್ದೆ ಬಟ್ಟೆ ಸುತ್ತಿದ ಗಜವನ್ನು ಒಮ್ಮೆ ಆಡಿಸಿ. ಮದ್ದನ್ನು ಡಬ್ಬಿಯಿಂದ ನೇರ ಸುರಿಯದೆ ಅಳತೆಯ ಕೊಳವೆಗೆ ಹಾಕಿ ಅದರಿಂದ ಸುರಿಯಿರಿ. ಹೊತ್ತಿಕೊಂಡರೂ ಒಂದು ಅಳತೆ ಮಾತ್ರ ಹೊತ್ತುತ್ತದೆ, ಕೈಯಲ್ಲಿನ ಡಬ್ಬಿ ಬಾಂಬ್ ಆಗುವುದಿಲ್ಲ. ತೋಟಾ ಬಿಚ್ಚಿ ತೆಗೆದ ಹೊಗೆಯಿಲ್ಲದ ಮದ್ದನ್ನು ಕೇಪಿನ ಕೋವಿಗೆ ಹಾಕುವುದು ಸಾವಿಗೆ ಕರೆ. ಕರಿಮದ್ದಿನ ಅಳತೆಯಲ್ಲಿ ಅದನ್ನು ತುಂಬಿದರೆ ಆ ಒತ್ತಡವನ್ನು ಹಳೆಯ ನಳಿಗೆ ತಡೆಯದು. ಕೇಪು ಯಾವಾಗಲೂ ಕೊನೆಗೆ, ಹೊಡೆಯುವ ಜಾಗದಲ್ಲಿ ನಿಂತ ಮೇಲೆ. ಅರ್ಧ ಎತ್ತಿದ ಕುದುರೆಯನ್ನು ನಂಬಬೇಡಿ, ಆ ಕಚ್ಚು ಸವೆದಿರುವ ಕೋವಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಇಳಿಸಿದ ಕುದುರೆ ಕೇಪಿನ ಮೇಲೆಯೇ ಕೂತಿದ್ದರಂತೂ ಬಾಗಿಲ ಚೌಕಟ್ಟಿನ ಒಂದು ಪೆಟ್ಟು ಸಾಕು.

ಪಿಸ್ತೂಲು, ರಿವಾಲ್ವರ್

ಪಿಸ್ತೂಲಿನಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಆಗುತ್ತದೆ. ಗುಂಡುಗಳ ಡಬ್ಬಿಯಾದ ಮ್ಯಾಗಜಿನ್ ತೆಗೆದರೆ ಖಾಲಿ ಎಂದುಕೊಳ್ಳುವುದು. ಕೋಣೆಯೊಳಗಿನ ಒಂದು ಗುಂಡು ಅಲ್ಲೇ ಇರುತ್ತದೆ. ಎರಡನೆಯ ತಪ್ಪು ಕ್ರಮದ್ದು. ಮೊದಲು ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಸರಿಯುವ ಭಾಗ) ಎಳೆದು ಆಮೇಲೆ ಮ್ಯಾಗಜಿನ್ ತೆಗೆದರೆ, ಸ್ಲೈಡ್ ಮುಂದೆ ಹೋಗುವಾಗ ಇನ್ನೊಂದು ಗುಂಡನ್ನು ಒಳಕ್ಕೆ ತಳ್ಳಿರುತ್ತದೆ. ಆದ್ದರಿಂದ ಮ್ಯಾಗಜಿನ್ ಮೊದಲು, ಸ್ಲೈಡ್ ನಂತರ. ಗುಂಡು ಹೊರಗೆ ಬಿದ್ದದ್ದನ್ನು ನೋಡಿ, ಸ್ಲೈಡ್ ಹಿಂದೆ ತಡೆದು ನಿಲ್ಲಿಸಿ, ಕೋಣೆಯನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಪರೀಕ್ಷಿಸಿ. ಹಾರಿದ ಗುಂಡನ್ನು ಗಾಳಿಯಲ್ಲಿ ಹಿಡಿಯಲು ಹೋಗಬೇಡಿ. ಬಿಚ್ಚುವ ಮೊದಲು ಟ್ರಿಗರ್ ಒತ್ತಲೇಬೇಕಾದ ಪಿಸ್ತೂಲುಗಳಿಗೆ ಈ ಪರೀಕ್ಷೆ ಎರಡು ಸಲ ಆಗಲಿ.

ರಿವಾಲ್ವರ್‌ನಲ್ಲಿ ಸಿಲಿಂಡರ್ ತೆರೆದು ಎಲ್ಲ ಕೋಣೆ ಎಣಿಸಿದರೆ ಮುಗಿಯಿತು. ಬೆನ್ನಿನ ಬೆಲ್ಟಿಗೆ ಸುಮ್ಮನೆ ಸಿಕ್ಕಿಸಿಕೊಳ್ಳುವ ಚಾಳಿ ಬಿಡಿ, ಟ್ರಿಗರ್ ಪೂರ್ತಿ ಮುಚ್ಚುವ ಚೀಲದಲ್ಲೇ ಇರಲಿ.

ತೋಟ, ಬೇಲಿ, ಜೀಪು, ರಾತ್ರಿ

ಬೇಲಿ, ತೋಡು, ಕಾಲುಸಂಕ ದಾಟುವ ಮೊದಲು ತೋಟಾ ತೆಗೆಯಿರಿ. ಕೇಪಿನ ಕೋವಿಯಾದರೆ ಕೇಪು ತೆಗೆದು ಜೇಬಿಗೆ ಹಾಕಿ. ಒಬ್ಬರೇ ಇದ್ದರೆ ಕೋವಿಯನ್ನು ಬೇಲಿಯ ಆಚೆ ಮಲಗಿಸಿ, ಬೇರೆ ಜಾಗದಲ್ಲಿ ದಾಟಿ ಬಂದು ಹಿಡಿಕೆಯ ಕಡೆಯಿಂದ ಎತ್ತಿ. ನಳಿಗೆಯ ಬಾಯಿ ಹಿಡಿದು ತನ್ನ ಕಡೆಗೆ ಎಳೆಯುವುದರಿಂದ ಹೋದ ಜೀವಗಳು ಬಹಳ. ಟ್ರಿಗರ್‌ಗೆ ಕೊಂಬೆಯೋ ಮುಳ್ಳೋ ಸಿಕ್ಕಿದರೆ ಎಳೆತ ನೇರ ಎದೆಗೇ. ಅಟ್ಟಣಿಗೆಗೆ ಹತ್ತುವಾಗಲೂ ಖಾಲಿ ಕೋವಿಯನ್ನು ಹಗ್ಗದಲ್ಲಿ, ಬಾಯಿ ಕೆಳಗಾಗಿ ಎಳೆದುಕೊಳ್ಳಿ.

ವಾಹನದಲ್ಲಿ ತುಂಬಿದ ಕೋವಿ ಬೇಡವೇ ಬೇಡ. ಕೋವಿ ಕವರ್‌ನಲ್ಲಿ, ತೋಟಾ ಬೇರೆ ಡಬ್ಬದಲ್ಲಿ. ಜೊತೆಗೆ ಬಂದ ನಾಯಿ ಒರಗಿಸಿಟ್ಟ ಕೋವಿಯನ್ನು ಬೀಳಿಸಬಲ್ಲದು ಎಂಬುದೂ ನೆನಪಿರಲಿ.

ರಾತ್ರಿ ಕಾವಲಿನಲ್ಲಿ ಕೈತಪ್ಪಿನಂತೆ ಕಣ್ತಪ್ಪೂ ಕೊಲ್ಲುತ್ತದೆ. ಪೊದೆ ಅಲುಗಿತು, ಹಂದಿ ಎಂದುಕೊಂಡೆ ಎಂಬ ಹೇಳಿಕೆಯ ಹಿಂದೆ ಪಕ್ಕದ ತೋಟದವರ ಹೆಣವಿರುತ್ತದೆ. ಸದ್ದಿಗೆ, ನೆರಳಿಗೆ, ಹೊಳೆಯುವ ಕಣ್ಣಿಗೆ ಹೊಡೆಯುವಂತಿಲ್ಲ. ಬೆದರಿಸಲು ಹೊಡೆಯುವ ಈಡೂ ಎಲ್ಲೋ ಬೀಳುತ್ತದೆ. 6 ನಂಬರಿನ ಸಣ್ಣ ಚರೆ ಸುಮಾರು 200 ಮೀಟರ್ ಹೋಗಬಲ್ಲದು, ಎಲ್‌ಜಿ ಎಂಬ ದಪ್ಪ ಚರೆ ಅರ್ಧ ಕಿಲೋಮೀಟರ್ ದಾಟುತ್ತದೆ, ಒಂಟಿ ಗುಂಡು ಕಿಲೋಮೀಟರಿಗೂ ಮಿಕ್ಕಿ ಹೋಗುತ್ತದೆ. ಕಾವಲಿಗೆ ಇಬ್ಬರು ಹೊರಟರೆ ಯಾರು ಎಲ್ಲಿ ಕೂರುವುದು ಎಂದು ಹಗಲಲ್ಲೇ ಗೊತ್ತು ಮಾಡಿ, ಬೆಳಗಾಗುವವರೆಗೆ ಜಾಗ ಬದಲಿಸಬೇಡಿ. ಬದಲಿಸಲೇಬೇಕಾದರೆ ಕೂಗಿ ಹೇಳಿ, ಉತ್ತರ ಬಂದ ಮೇಲೆ ಏಳಿ.

ಪ್ರಾಣಿ ಹಾಯುವ ದಾರಿಗೆ ತಂತಿ ಎಳೆದು ಕೋವಿ ಕಟ್ಟಿಡುವುದು ಅಪರಾಧ. ಅದಕ್ಕೆ ಹಂದಿಯೂ ಒಂದೇ, ಸೌದೆಗೆ ಹೋದ ಹೆಂಗಸೂ ಒಂದೇ.

ಕೈಲ್ ಪೊಳ್ದ್ ಮತ್ತು ಇತರ ದಿನಗಳು

ಸೆಪ್ಟೆಂಬರ್ 3ರ ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ಕೋವಿ ತೊಳೆದು, ನಳಿಗೆಯ ಬಾಯಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜಿಸುತ್ತಾರೆ. ಅದೇ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯೂ ಇರುತ್ತದೆ. ಪೂಜೆಯಿಂದ ಸ್ಪರ್ಧೆಗೆ ಹೋಗುವ ನಡುವೆ ಒಬ್ಬರು ಪ್ರತಿ ನಳಿಗೆಯನ್ನೂ ಬೆಳಕಿಗೆ ಹಿಡಿದು ನೋಡಲಿ. ಹೂವಿನ ತೊಟ್ಟು, ದಾರ, ನಿಂತ ಎಣ್ಣೆ ಯಾವುದೂ ಉಳಿಯಬಾರದು. ಮಳೆಗಾಲವಿಡೀ ಮುಟ್ಟದ ಕೋವಿ ಹೊರಬರುವುದೂ ಅಂದೇ, ಹಾಗಾಗಿ ಪೂಜೆಗೆ ಇಡುವ ಮೊದಲೇ ಗಜ ಇಳಿಸಿ ನೋಡಬೇಕು. ಪೂಜೆಯ ಸಾಲಿನಲ್ಲಿ ತುಂಬಿದ ಕೋವಿ ಇರಕೂಡದು.

ಸ್ಪರ್ಧೆಯಲ್ಲಿ ಗುರಿಯ ಹಿಂದೆ ಎತ್ತರದ ಮಣ್ಣಿನ ದಿಬ್ಬ ಇರಲಿ. ತುಂಬುವುದು ಹೊಡೆಯುವ ಗೆರೆಯಲ್ಲಿ ಮಾತ್ರ. ಆಜ್ಞೆ ಕೊಡುವವರು ಒಬ್ಬರೇ ಇರಲಿ, ಆದರೆ ನಿಲ್ಲಿಸಿ ಎಂದು ಕೂಗುವ ಹಕ್ಕು ಮಕ್ಕಳಿಗೂ ಇರಲಿ. ಮಗು ಹುಟ್ಟಿದಾಗ, ಸಾವಿನ ಸುದ್ದಿ ತಿಳಿಸುವಾಗ, ಹುತ್ತರಿಯ ಕದಿರು ತೆಗೆಯುವಾಗ ಹಾರಿಸುವ ಈಡಿಗೂ ಇಂಥದೇ ಸಿದ್ಧತೆ ಬೇಕು. ಒಬ್ಬರು, ಒಂದು ಕೋವಿ, ಮುಂದೆ ಯಾರೂ ಇಲ್ಲ. ಕುಡಿದವರ ಕೈಗೆ ಆ ದಿನ ಕೋವಿ ಕೊಡಬಾರದು, ಅವರು ಮನೆಯ ಹಿರಿಯರೇ ಆದರೂ.

ಬ್ಯಾಂಕಿನ ಬಾಗಿಲಲ್ಲಿ

ಕಾವಲುಗಾರರಲ್ಲಿ ಅನೇಕರು ಮಾಜಿ ಸೈನಿಕರು, ಎನ್‌ಎಸ್‌ಪಿ ಅಂದರೆ ಆಯುಧ ಖಾಲಿ ಇದೆಯೇ ಎಂದು ಮೊದಲು ನೋಡುವ ಸೇನೆಯ ಕ್ರಮ ಬಲ್ಲವರು. ತೊಂದರೆ ಬರುವುದು ಪಾಳಿ ಬದಲಾಗುವಾಗ, ಅವಸರದಲ್ಲಿ ಕೋವಿ ಕೈಯಿಂದ ಕೈಗೆ ಹೋಗುವಾಗ. ಜನರಿಲ್ಲದ ಕೋಣೆಯಲ್ಲಿ, ಮರಳಿನ ಡ್ರಮ್ಮಿನ ಎದುರು, ಮಡಚಿ ತೋಟಾ ಎಣಿಸಿ ರಿಜಿಸ್ಟರಿನಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ಹೆಗಲಿಗೆ ಅಡ್ಡ ನೇತುಹಾಕಿದ ಕೋವಿ ಸರದಿಯಲ್ಲಿ ನಿಂತವರ ಮುಖಕ್ಕೆ ತಿರುಗುತ್ತದೆ. ಕುಳಿತಾಗ ನಳಿಗೆಯ ಬಾಯಿಗೆ ಗಲ್ಲ ಊರುವುದು ಇನ್ನೂ ಕೆಟ್ಟದ್ದು. ಅದನ್ನು ಕಂಡ ಮ್ಯಾನೇಜರ್ ಸುಮ್ಮನಿರಬಾರದು.

ಇಡುವ ಬಗೆ

ಗೋಡೆಯ ಮೊಳೆಗೆ ತೂಗುವ ಕಾಲ ಮುಗಿಯಲಿ. ಕೋವಿ ಗೋಡೆಗೆ ಬೋಲ್ಟ್ ಹಾಕಿದ ಕಬ್ಬಿಣದ ಪೆಟ್ಟಿಗೆಯಲ್ಲಿ, ತೋಟಾ, ಮದ್ದು, ಕೇಪು ಬೇರೆ ಬೇರೆ ಬೀಗದಲ್ಲಿ. ಬೀಗದ ಕೈ ಲೈಸೆನ್ಸ್ ಇರುವವರ ಬಳಿಯೇ. ಮಕ್ಕಳಿಗೆ ಗೊತ್ತಿಲ್ಲದ ಜಾಗ ಎಂದು ದೊಡ್ಡವರು ಅಂದುಕೊಂಡದ್ದು ಮಕ್ಕಳಿಗೆ ಗೊತ್ತಿರುತ್ತದೆ. ಮಲೆನಾಡಿನ ತೇವಕ್ಕೆ ಕೇಪು, ಕಾಗದದ ತೋಟಾ ಕೆಡುತ್ತವೆ, ಉಬ್ಬಿದ ತೋಟಾವನ್ನು ಒತ್ತಿ ತುರುಕಬೇಡಿ. ಒರೆಸಲು ಕೂರುವ ಮೇಜಿನ ಮೇಲೆ ಒಂದೂ ತೋಟಾ ಇರಬಾರದು, ಅವು ಇನ್ನೊಂದು ಕೋಣೆಯಲ್ಲಿರಲಿ.

ಹೊತ್ತಿಕೊಳ್ಳದಿದ್ದರೆ, ಸಿಡಿದೇ ಬಿಟ್ಟರೆ

ಟ್ರಿಗರ್ ಎಳೆದರೂ ಈಡಾಗದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಕಾಯಿರಿ. ತೋಟಾಕೋವಿಗೆ 30 ಸೆಕೆಂಡ್, ಕೇಪಿನ ಕೋವಿಗೆ ಕನಿಷ್ಠ ಒಂದು ನಿಮಿಷ. ತೇವದ ಮದ್ದು ತಡವಾಗಿ ಹೊತ್ತಬಹುದು. ಕೇಪಿನ ಕೋವಿಗೆ ಆಮೇಲೆ ಹೊಸ ಕೇಪು ಹಾಕಿ ನೋಡಿ, ಮೇಲಿಂದ ಇನ್ನೊಂದು ಈಡು ಮಾತ್ರ ತುಂಬಬೇಡಿ. ಸದ್ದು ಎಂದಿಗಿಂತ ಸಣ್ಣದಾಗಿ ಕೇಳಿದರೆ ನಿಲ್ಲಿಸಿ, ನಳಿಗೆಯಲ್ಲಿ ಏನಾದರೂ ಉಳಿದಿದೆಯೇ ನೋಡಿ.

ಯಾರಿಗಾದರೂ ತಗುಲಿದರೆ ಮೊದಲು ಕೋವಿ ಖಾಲಿ ಮಾಡಿ ಬದಿಗಿಡಿ. ರಕ್ತ ಸುರಿಯುವ ಜಾಗವನ್ನು ಶುಭ್ರ ಬಟ್ಟೆಯಿಂದ ಎರಡೂ ಕೈಯಲ್ಲಿ ಒತ್ತಿ ಹಿಡಿಯಿರಿ, ನೋಡಲೆಂದು ಆಗಾಗ ಎತ್ತಬೇಡಿ. ಕೈಕಾಲಿನ ರಕ್ತ ಒತ್ತಿದರೂ ನಿಲ್ಲದಿದ್ದರೆ ಗಾಯಕ್ಕಿಂತ ಮೇಲೆ ಅಗಲವಾದ ಪಟ್ಟಿ ಬಿಗಿದು, ಕಟ್ಟಿದ ಹೊತ್ತು ಬರೆದಿಡಿ. ಚರೆ ಕೀಳಲು ಹೋಗಬೇಡಿ. 108ಕ್ಕೂ 112ಕ್ಕೂ ಕರೆ ಮಾಡಿ, ತೋಟದ ದಾರಿ ಗೊತ್ತಿರುವ ಒಬ್ಬರನ್ನು ರಸ್ತೆಗೆ ಕಳುಹಿಸಿ.

ಭಯದಲ್ಲಿ ಕೋವಿ ಬಚ್ಚಿಡುವುದು, ಬಿದ್ದದ್ದರಿಂದ ಆದ ಗಾಯ ಎಂದು ಆಸ್ಪತ್ರೆಯಲ್ಲಿ ಹೇಳುವುದು ಚಿಕಿತ್ಸೆಯನ್ನೇ ದಾರಿ ತಪ್ಪಿಸುತ್ತದೆ. ಅಜಾಗರೂಕತೆಯಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ 5 ವರ್ಷದವರೆಗೆ ಶಿಕ್ಷೆ ಇದೆ. ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಅಜಾಗರೂಕವಾಗಿಯೋ ಸಂಭ್ರಮಕ್ಕೆಂದೋ ಇತರರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ, ಯಾರಿಗೂ ತಗುಲದಿದ್ದರೂ, 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಖಾಲಿ ಮಾಡಿ ಬದಿಗಿಟ್ಟ ಕೋವಿ, ಸುಟ್ಟ ತೋಟಾ, ನಿಂತಿದ್ದ ಜಾಗವನ್ನು ಮತ್ತೆ ಮುಟ್ಟದೆ ಬಿಟ್ಟು ಠಾಣೆಗೆ ತಿಳಿಸಿ. ಆ ಕೋವಿಯನ್ನು ಮತ್ತೆ ಬಳಸುವ ಮೊದಲು ಕುದುರೆಯ ಕಚ್ಚು, ಸ್ಪ್ರಿಂಗ್, ಸೇಫ್ಟಿ ಮೂರನ್ನೂ ರಿಪೇರಿಯವರಿಂದ ಬಿಚ್ಚಿಸಿ ನೋಡಿಸಿ.